ನೆಲದಿಂದ ಏಳೋಕೆ ಯಾಕೆ ಕಷ್ಟ?

ಚಳ್ಳಕೆರೆ ಕಡೆ ಶೇಂಗಾ ಕಿತ್ತಾಗ ಹೆಂಗಸರು ಗಿಡದ ರಾಶಿ ಮುಂದೆ ಕೂತು ಕಾಯಿ ಬಿಡಿಸುತ್ತಾರೆ. ಅವರು ಏಳುವುದನ್ನು ಗಮನಿಸಿ. ಐವತ್ತು ದಾಟಿದವರು ಒಂದು ಕೈ ನೆಲಕ್ಕೆ ಊರುತ್ತಾರೆ, ಇನ್ನೊಂದನ್ನು ಮಂಡಿ ಮೇಲೆ ಒತ್ತುತ್ತಾರೆ, 'ಶಿವನೇ' ಅಂತ ಸೊಂಟ ಎತ್ತುತ್ತಾರೆ. ನಿಂತ ಮೇಲೂ ನಾಲ್ಕು ಹೆಜ್ಜೆ ಬಗ್ಗಿಕೊಂಡೇ ನಡೆಯುತ್ತಾರೆ. ಕೇಳಿದರೆ, 'ವಯಸ್ಸಾಯ್ತಲ್ಲವ್ವ' ಅನ್ನುತ್ತಾರೆ.

ವಯಸ್ಸಿನದೂ ಪಾಲಿದೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ಕ್ಕೆ. ಆಗ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಇಳಿದು ಮೂಳೆಯೂ ಬೇಗ ಸವೆಯುತ್ತದೆ. ಆದರೆ ಕಾಲಿನ ಶಕ್ತಿಯನ್ನು ಬೇಗ ಕಸಿಯುವುದು ಇದರ ಜೊತೆ ಸೇರಿಕೊಳ್ಳುವ ಕಾಯಿಲೆಗಳು.

ಶುಗರ್ ನೋಡಿ. ಊಟದ ನಂತರ ರಕ್ತದಲ್ಲಿನ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುವೇ. ಸ್ನಾಯು ಕರಗಿದರೆ ಸಕ್ಕರೆ ಏರುತ್ತದೆ, ಸಕ್ಕರೆ ಏರಿದರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ವರ್ಷಗಟ್ಟಲೆ ಹೀಗಾದರೆ ಪಾದದ ನರಗಳೂ ಜೋಮು ಹಿಡಿದು ನಡಿಗೆಯ ಹಿಡಿತ ತಪ್ಪುತ್ತದೆ. ಮಂಡಿ ಸವೆತದ್ದೂ ಇದೇ ಥರ. ನೋವು ಅಂತ ಓಡಾಟ ಕಡಿಮೆ ಮಾಡುತ್ತೇವೆ, ತೊಡೆಯ ಸ್ನಾಯು ಸೋಲುತ್ತದೆ, ಭಾರವೆಲ್ಲ ಮಂಡಿಗೇ ಬೀಳುತ್ತದೆ, ನೋವು ಜಾಸ್ತಿಯಾಗುತ್ತದೆ. ಮೇಲೆ ರಕ್ತಹೀನತೆಯೂ ಇದ್ದರೆ ಒಂದು ಕೊಡ ನೀರು ತರುವಷ್ಟರಲ್ಲಿ ಏದುಸಿರು. ಒಂದೊಂದೇ ಬಂದರೆ ಹೇಗೋ ಸಂಭಾಳಿಸಬಹುದು, ಎರಡು ಮೂರು ಕೂಡಿದರೆ ಸುಧಾರಿಸಿಕೊಳ್ಳುವುದು ತುಂಬಾ ಕಷ್ಟ.

ಇದು ಮುದುಕಿಯರ ಸಮಸ್ಯೆ ಮಾತ್ರ ಅಲ್ಲ. ಅಮೆರಿಕದಲ್ಲಿ ಹೆಂಗಸರ ಆರೋಗ್ಯದ ಬಗ್ಗೆ ನಡೆದ 'ಸ್ವಾನ್' ಅಧ್ಯಯನದಲ್ಲಿ 40ರಿಂದ 55 ವರ್ಷದವರಲ್ಲೇ ಸುಮಾರು ಐವರಲ್ಲಿ ಒಬ್ಬರಿಗೆ ಓಡಾಟ, ಮೆಟ್ಟಿಲು, ಭಾರ ಎತ್ತುವ ಕೆಲಸಗಳಲ್ಲಿ ತೊಂದರೆ ಇತ್ತು. ನಮ್ಮಲ್ಲಿ ಡಾಕ್ಟರ ಹತ್ತಿರ ಹೋದರೆ ಶುಗರ್ ಎಷ್ಟು, ಬಿಪಿ ಎಷ್ಟು ಅನ್ನುವಲ್ಲಿಗೆ ಮಾತು ಮುಗಿಯುವುದೇ ಹೆಚ್ಚು. 'ಎದ್ದು ನಿಲ್ಲೋಕೆ ಆಗುತ್ತಾ?' ಅಂತಲೂ ಕೇಳಬೇಕು ಅಲ್ವಾ?

ಮನೆಯಲ್ಲೇ ನೋಡಬಹುದು. ಗೋಡೆಗೆ ಆನಿಸಿದ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿ, ಕೈ ಎದೆ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ. ಪಕ್ಕದಲ್ಲೇ ನಿಂತಿರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಸ್ನಾಯು ಸೋತಿರುವ ಅನುಮಾನ ಪಡಬೇಕು ಅನ್ನುತ್ತದೆ ಏಷ್ಯಾದ ತಜ್ಞರ 2019ರ ಮಾರ್ಗಸೂಚಿ. ಆಗ ಡಾಕ್ಟರಿಗೆ ತೋರಿಸಿ, ಫಿಸಿಯೋಥೆರಪಿ ಬಗ್ಗೆಯೂ ಕೇಳಿ. ಎಪ್ಪತ್ತರಲ್ಲೂ ಸ್ನಾಯು ಬಲವಾಗುತ್ತದೆ. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಚಾಚಿ, ಐದು ಎಣಿಸಿ ಇಳಿಸುವುದರಿಂದ ಶುರು ಮಾಡಬಹುದು. ಶೇಂಗಾ ಬಿಡಿಸುವಾಗ ಕೂರಲು ಒಂದು ಸ್ಟೂಲ್ ಕೊಡಿ.