ಮತ್ತು ಇಳಿಯುವ ಹೊತ್ತು

"ಆಪರೇಷನ್ ಯಾವಾಗ ಶುರು ಮಾಡ್ತೀರಾ?"

ರಿಕವರಿ ರೂಮಿನ ಸಿಸ್ಟರ್‌ಗಳಿಗೆ ಈ ಪ್ರಶ್ನೆ ಹೊಸದಲ್ಲ. ಕೇಳಿದವರ ಹೊಟ್ಟೆಗೆ ಆಗಲೇ ಹೊಲಿಗೆ ಬಿದ್ದಿರುತ್ತದೆ, ತೆಗೆದ ಪಿತ್ತಕೋಶ ಲ್ಯಾಬಿಗೆ ಹೋಗಿರುತ್ತದೆ. "ಎಲ್ಲಾ ಮುಗೀತು ಅಮ್ಮಾ" ಅಂದರೆ ನಂಬಿಕೆ ಬರುವುದಿಲ್ಲ. ಎರಡು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಸಿಸ್ಟರ್ ಅದಕ್ಕೆ ತಲೆಕೆಡಿಸಿಕೊಳ್ಳುವುದಿಲ್ಲ, ಬೇರೆ ಕೆಲಸಕ್ಕೆ ಇಳಿಯುತ್ತಾರೆ. ನಿಮ್ಮ ಹೆಸರೇನು, ಕಣ್ಣು ಬಿಡಿ, ನನ್ನ ಕೈ ಗಟ್ಟಿಯಾಗಿ ಹಿಡಿಯಿರಿ, ದಿಂಬಿನಿಂದ ತಲೆ ಎತ್ತಿ ನೋಡೋಣ. ತಲೆ ಎತ್ತಿಸುವುದು ಸುಮ್ನೆ ಅಲ್ಲ. ಐದು ಸೆಕೆಂಡು ತಲೆ ಎತ್ತಿ ಹಿಡಿದರೆ, ಸ್ನಾಯು ಸಡಿಲ ಮಾಡಲು ಕೊಟ್ಟ ಔಷಧಿ ಬಹುಮಟ್ಟಿಗೆ ಇಳಿದಿದೆ ಎಂದು ಲೆಕ್ಕ. ಉಸಿರು, ಬಿಪಿ, ಕೈಕಾಲಿನ ಚಲನೆ, ಎಚ್ಚರ, ರಕ್ತದ ಆಕ್ಸಿಜನ್ ಎಲ್ಲಕ್ಕೂ ಅಂಕ ಇದೆ. ಆಲ್ಡ್ರೆಟ್ ಎಂಬ ವೈದ್ಯರು 1970ರಲ್ಲಿ ಮಾಡಿಕೊಟ್ಟ ಪಟ್ಟಿ ಅದು, ಆಕ್ಸಿಜನ್ ಅಳತೆ ಮಾತ್ರ ಆಮೇಲೆ ಸೇರಿದ್ದು. ಹತ್ತಕ್ಕೆ ಒಂಬತ್ತಾದರೂ ಬಂದರೆ ವಾರ್ಡಿಗೆ ಕಳಿಸುವುದು ರೂಢಿ.

ಇಲ್ಲಿ ಹೇಳುತ್ತಿರುವುದು ಪೂರ್ತಿ ಪ್ರಜ್ಞೆ ತಪ್ಪಿಸುವ ಜನರಲ್ ಅನಸ್ತೇಷಿಯಾದ, ಅಂದರೆ ಅರಿವಳಿಕೆಯ ಮಾತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುವುದರ ಕಥೆ ಬೇರೆ.

ಆ ಪ್ರಶ್ನೆ ಯಾಕೆ ಬರುತ್ತದೆ? ರಾತ್ರಿ ಮಲಗಿ ಎದ್ದರೆ, ಎಷ್ಟೋ ಹೊತ್ತು ಕಳೆದಿದೆ ಅನ್ನುವ ಅಂದಾಜು ನಮಗೆ ಇದ್ದೇ ಇರುತ್ತದೆ. ಅರಿವಳಿಕೆಯಲ್ಲಿ ಆ ಅಂದಾಜೇ ಸಿಗುವುದಿಲ್ಲ. ಇದರ ಬಗ್ಗೆ ಒಂದು ಚಂದದ ಪ್ರಯೋಗ ಜೇನುಹುಳುಗಳ ಮೇಲೆ ನಡೆದಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದವರು ಹಗಲಲ್ಲಿ ಆರು ಗಂಟೆ ಕಾಲ ಜೇನುಹುಳುಗಳಿಗೆ ಐಸೋಫ್ಲೂರೇನ್ ಎಂಬ ಅರಿವಳಿಕೆ ಅನಿಲ ಕೊಟ್ಟರು. ಜೇನು ದಾರಿ ಹುಡುಕುವುದು ಸೂರ್ಯನನ್ನು ನೋಡಿ. ಸೂರ್ಯ ಜರುಗುತ್ತಾ ಇರುವುದರಿಂದ ಅದಕ್ಕೆ ಹೊತ್ತೆಷ್ಟು ಎಂದೂ ಗೊತ್ತಿರಬೇಕು. ಎಚ್ಚರವಾದ ಹುಳುಗಳು ಹಾರಿದ್ದು ತಪ್ಪು ದಿಕ್ಕಿಗೆ. ಅವುಗಳ ಒಳಗಿನ ಗಡಿಯಾರ ಮೂರು ಗಂಟೆಗೂ ಸ್ವಲ್ಪ ಜಾಸ್ತಿ ಹಿಂದೆ ಬಿದ್ದಿತ್ತು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಅಂದರೆ ಇದು ಬರೀ ಮರೆವಿನ ಪ್ರಶ್ನೆಯಲ್ಲ, ಮೈಯೊಳಗಿನ ಗಡಿಯಾರವೇ ಆ ಹೊತ್ತಿನಲ್ಲಿ ಸರಿಯಾಗಿ ನಡೆದಿರುವುದಿಲ್ಲ.

ಔಷಧಿ ಖಾಲಿಯಾಯಿತು, ಎಚ್ಚರವಾಯಿತು, ಅಷ್ಟೇ ಅಲ್ವಾ ಅಂದುಕೊಳ್ಳುತ್ತೇವೆ. ತಜ್ಞರೂ ಬಹಳ ಕಾಲ ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದರು. ಈಗ ಎಲ್ಲೆಲ್ಲೂ ಬಳಸುವ ಪ್ರೊಪೊಫಾಲ್ ಅನ್ನೇ ನೋಡಿ. ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್‌ನಲ್ಲಿ ಕಲಸಿದ್ದರಿಂದ ಹಾಲಿನಂತೆ ಬೆಳ್ಳಗಿರುತ್ತದೆ. ನರದೊಳಗೆ ಹೋಗುವಾಗ ಕೈ ಚುರುಗುಟ್ಟುತ್ತದೆ, ಆಮೇಲೆ ಒಂದು ನಿಮಿಷವೂ ಬೇಡ. ಒಂದೇ ಡೋಸ್ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಎಚ್ಚರವಾಗುತ್ತದೆ. ಆದರೆ ಆಗ ಔಷಧಿ ದೇಹದಿಂದ ಹೊರಗೆ ಹೋಗಿರುವುದಿಲ್ಲ. ರಕ್ತ ಜಾಸ್ತಿ ಹರಿಯುವ ಮಿದುಳಿಗೆ ಮೊದಲು ನುಗ್ಗಿ, ಅಲ್ಲಿಂದ ಇಳಿದು ಸ್ನಾಯು, ಕೊಬ್ಬುಗಳಿಗೆ ಹಂಚಿಹೋಗಿರುತ್ತದೆ. ಮೈತುಂಬಾ ಔಷಧಿ ಇಟ್ಟುಕೊಂಡೇ ಮನುಷ್ಯ ಮಾತಾಡಲು ಶುರು ಮಾಡುತ್ತಾನೆ.

ಇನ್ನೂ ಒಂದು ತೊಡಕಿದೆ. ಪ್ರಜ್ಞೆ ತಪ್ಪಿಸಲು ಎಷ್ಟು ಪ್ರಮಾಣ ಬೇಕೋ, ಅದಕ್ಕಿಂತ ಸಾಕಷ್ಟು ಕೆಳಗೆ ಇಳಿದ ಮೇಲೆಯೇ ಎಚ್ಚರ ಬರುತ್ತದೆ. ಹೋದ ದಾರಿಯಲ್ಲೇ ಮಿದುಳು ವಾಪಸ್ ಬರುವುದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯಾಕ್ಸ್ ಕೆಲ್ಜ್ ಮತ್ತು ಅವರ ತಂಡ ಇದನ್ನು ಇಲಿಗಳಲ್ಲೂ ಹಣ್ಣುನೊಣಗಳಲ್ಲೂ ತೋರಿಸಿತು. ಅದಕ್ಕೂ ಮೊದಲು, 2008ರಲ್ಲಿ, ಅವರು ನಮ್ಮನ್ನು ಎಚ್ಚರವಾಗಿಡುವ ಒರೆಕ್ಸಿನ್ ಎಂಬ ರಾಸಾಯನಿಕದ ನರಕೋಶಗಳಿಲ್ಲದ ಇಲಿಗಳನ್ನು ಪರೀಕ್ಷಿಸಿದ್ದರು. ಅವು ಪ್ರಜ್ಞೆ ತಪ್ಪಿದ್ದು ಉಳಿದ ಇಲಿಗಳಂತೆಯೇ. ಏಳುವುದು ಮಾತ್ರ ತುಂಬಾ ತಡವಾಯಿತು. ಎಚ್ಚರವಾಗುವುದಕ್ಕೆ ಮಿದುಳು ತಾನಾಗಿ ಒಂದಷ್ಟು ದುಡಿಯಬೇಕು ಅಂತಾಯಿತು.

ಆ ದುಡಿಮೆ ಎಲ್ಲಿಂದ ಶುರುವಾಗುತ್ತದೆ? ಫಿನ್‌ಲೆಂಡಿನ ತುರ್ಕು ನಗರದ ಸಂಶೋಧಕರು ಆರೋಗ್ಯವಂತ ಯುವಕರಿಗೆ ಅರಿವಳಿಕೆ ಕೊಟ್ಟು, ಎಚ್ಚರವಾಗುವ ಗಳಿಗೆಯಲ್ಲಿ ಮಿದುಳಿನ ಸ್ಕ್ಯಾನ್ ಮಾಡಿದರು. "ಕಣ್ಣು ಬಿಡಿ" ಎಂದಾಗ ಅವರು ಕಣ್ಣು ಬಿಟ್ಟ ಹೊತ್ತಿಗೆ ಮೇಲ್ಪದರದ ಬಹುಪಾಲು ಇನ್ನೂ ತಣ್ಣಗಿತ್ತು. ಕೆಲಸ ಶುರು ಮಾಡಿದ್ದು ಮಿದುಳುಕಾಂಡ, ಥಾಲಮಸ್‌ನಂಥ ಆಳದ, ಬಹಳ ಹಳೆಯ ಭಾಗಗಳು. ಕಣ್ಣು ಬಿಟ್ಟವರೆಲ್ಲ ಪೂರ್ತಿ ಎಚ್ಚರವಾಗಿದ್ದಾರೆ ಅನ್ನುವಂತಿಲ್ಲ. ಬೇಸಿಗೆ ರಜೆ ಮುಗಿದ ಮೊದಲ ದಿನದ ಶಾಲೆ ನೆನಪಿಸಿಕೊಳ್ಳಿ. ಬೆಲ್ ಹೊಡೆದಾಗಿದೆ, ಮಕ್ಕಳು ಮೈದಾನದ ತುಂಬಾ ಇದ್ದಾರೆ, ಮೇಷ್ಟ್ರುಗಳು ಇನ್ನೂ ಒಬ್ಬೊಬ್ಬರೇ ಬರುತ್ತಿದ್ದಾರೆ. ರಿಕವರಿ ರೂಮಿನ ವಿಚಿತ್ರಗಳೆಲ್ಲ ನಡೆಯುವುದು ಈ ನಡುವಿನ ಹೊತ್ತಿನಲ್ಲಿ.

ಎಲ್ಲಕ್ಕಿಂತ ಗಾಬರಿ ಹುಟ್ಟಿಸುವುದು ಚಿಕ್ಕ ಮಕ್ಕಳದು. ಎರಡರಿಂದ ಐದು ವರ್ಷದ ಮಗು, ಟಾನ್ಸಿಲ್ ಆಪರೇಷನ್ ಎಂದಿಟ್ಟುಕೊಳ್ಳಿ. ಆ ವಯಸ್ಸಿನವರಿಗೆ ಮಾಸ್ಕ್ ಮೂಲಕ ಸೆವೋಫ್ಲೂರೇನ್ ಎಂಬ ಅರಿವಳಿಕೆ ಅನಿಲ ಕೊಡುವುದು ಸಾಮಾನ್ಯ. ವಾಸನೆ ಅಷ್ಟು ಘಾಟಲ್ಲ, ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಆದರೆ ಎದ್ದ ಕೂಡಲೇ ಕೆಲವು ಮಕ್ಕಳು ಚೀರಾಡುತ್ತವೆ, ಒದೆಯುತ್ತವೆ, ಡ್ರಿಪ್ಸ್ ಸೂಜಿ ಕಿತ್ತುಹಾಕಲು ನೋಡುತ್ತವೆ. ಅಮ್ಮ ಎತ್ತಿಕೊಂಡರೂ ನಿಲ್ಲುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ಆದರೆ ಅಮ್ಮನ ಮುಖದ ಮೇಲೆ ನಿಲ್ಲದೆ ಎಲ್ಲೋ ನೋಡುತ್ತಿರುತ್ತದೆ. ತಾಯಂದಿರು ಕುಸಿದುಹೋಗುವುದು ಈ ನೋಟ ಕಂಡು. ಮಗು ನನ್ನನ್ನೇ ಗುರುತಿಸುತ್ತಿಲ್ಲ, ಮಿದುಳಿಗೆ ಏನೋ ಆಗಿಬಿಟ್ಟಿದೆ ಅನ್ನಿಸಿಬಿಡುತ್ತದೆ. ವೈದ್ಯರು ನೋಡುವುದೂ ಅದನ್ನೇ. 2004ರಲ್ಲಿ ಬಂದ ಅಳತೆಪಟ್ಟಿಯಲ್ಲಿ ಐದು ಅಂಶಗಳಿವೆ. ಕಣ್ಣಿಗೆ ಕಣ್ಣು ಕೊಡುತ್ತಿದೆಯಾ ಅನ್ನುವುದು ಮೊದಲನೆಯದು. ನೋವಿಗೆ ಅಳುವ ಮಗು ಅಮ್ಮನನ್ನು ನೋಡಿಯೇ ಅಳುತ್ತದೆ.

ಇದು ನೋವಿನಿಂದ ಮಾತ್ರ ಬರುವುದಾದರೆ ಬರೀ ಎಂಆರ್‌ಐ ಸ್ಕ್ಯಾನ್‌ಗೆ ಅರಿವಳಿಕೆ ಕೊಟ್ಟ ಮಕ್ಕಳಲ್ಲಿ ಕಾಣಬಾರದಿತ್ತು. ಅಲ್ಲೂ ಕಾಣುತ್ತದೆ. ಒಳಗೆ ಹೋಗುವಾಗ ತುಂಬಾ ಹೆದರಿದ್ದ ಮಕ್ಕಳಲ್ಲಿ ಸ್ವಲ್ಪ ಜಾಸ್ತಿ. ಆಪರೇಷನ್ ಕೊನೆಯಲ್ಲಿ ಸ್ವಲ್ಪ ಪ್ರೊಪೊಫಾಲ್ ಕೊಟ್ಟರೆ ಕಡಿಮೆಯಾಗುತ್ತದೆ. ಏನೂ ಮಾಡದಿದ್ದರೂ ಸಾಮಾನ್ಯವಾಗಿ ಹದಿನೈದು ನಿಮಿಷ, ಅರ್ಧ ಗಂಟೆಯಲ್ಲಿ ತಾನೇ ಇಳಿದು ಮಗು ನಿದ್ದೆ ಹೋಗುತ್ತದೆ. ಮತ್ತೆ ಎದ್ದಾಗ ಅದಕ್ಕೆ ಏನೂ ನೆನಪಿರುವುದಿಲ್ಲ. ಇದನ್ನು ಆಪರೇಷನ್‌ಗೆ ಮುಂಚೆಯೇ ತಂದೆತಾಯಿಗೆ ಹೇಳಿಟ್ಟರೆ ಎಷ್ಟು ಕಣ್ಣೀರು ಉಳಿಯುತ್ತಿತ್ತು. ಎರಡು ಮಾತು ಹೇಳಲು ಎಷ್ಟು ಹೊತ್ತು ಬೇಕು?

ದೊಡ್ಡವರಲ್ಲಿ ಔಷಧಿಗೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಪ್ರೊಪೊಫಾಲ್‌ನಿಂದ ಏಳುವವರಲ್ಲಿ ಎಷ್ಟೋ ಜನ ಖುಷಿಯಾಗಿರುತ್ತಾರೆ, ಒಳ್ಳೆ ಕನಸು ಬಿತ್ತು ಅನ್ನುತ್ತಾರೆ. ಕೆಲವರು ಕಾರಣವಿಲ್ಲದೆ ಬಿಕ್ಕಿ ಬಿಕ್ಕಿ ಅಳುತ್ತಾರೆ, ಯಾಕೆ ಎಂದರೆ ಅವರಿಗೇ ಗೊತ್ತಿಲ್ಲ. ಕೆಟಮಿನ್ ಕಥೆಯೇ ಬೇರೆ. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಔಷಧಿ. ಉಸಿರಾಟವನ್ನು ಹೆಚ್ಚು ಕುಗ್ಗಿಸುವುದಿಲ್ಲ, ಬಿಪಿ ಇಳಿಸುವುದಿಲ್ಲ. ಹಾಗಾಗಿ ವೆಂಟಿಲೇಟರ್ ಇಲ್ಲದ ಸಣ್ಣ ಆಸ್ಪತ್ರೆಗಳಿಗೂ ಯುದ್ಧಭೂಮಿಗೂ ಆಪದ್ಬಾಂಧವ. ಆದರೆ ಇಳಿಯುವಾಗ ಕೆಲವರು ಮೇಲೆ ತೇಲುತ್ತಾರೆ, ತಮ್ಮ ಮೈಯನ್ನೇ ದೂರದಿಂದ ನೋಡುತ್ತಾರೆ, ಗೋಡೆ ಹತ್ತಿರ ಬರುತ್ತಿದೆ ಎಂದು ಕಿರುಚುತ್ತಾರೆ. ಜೊತೆಗೆ ಮಿಡಜೋಲಾಮ್ ಎಂಬ ಆತಂಕ ತಗ್ಗಿಸುವ ಔಷಧಿ ಕೊಡುವುದು, ಸುತ್ತ ಗಲಾಟೆ ಇಲ್ಲದಂತೆ ನೋಡಿಕೊಳ್ಳುವುದು ಇದಕ್ಕೇ.

ಔಷಧಿ ಇಳಿಯುವಾಗ ತತ್ವಜ್ಞಾನ ಬರುವುದೂ ಉಂಟು. 1799ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಯುವ ವಿಜ್ಞಾನಿ ಹಂಫ್ರಿ ಡೇವಿ ನೈಟ್ರಸ್ ಆಕ್ಸೈಡ್ ಅನಿಲವನ್ನು ಹೊಟ್ಟೆ ತುಂಬಾ ಎಳೆದುಕೊಂಡ. ಸುಧಾರಿಸಿಕೊಳ್ಳುತ್ತಲೇ, ಆಲೋಚನೆಗಳ ಹೊರತು ಬೇರೇನೂ ಇಲ್ಲ ಎಂದು ಘೋಷಿಸಿದ. ಅದೇ ಅನಿಲ ಶಸ್ತ್ರಚಿಕಿತ್ಸೆಯಲ್ಲಿ ನೋವು ಮರೆಸಬಹುದು ಎಂದೂ ಬರೆದಿಟ್ಟ. ಆ ಎರಡನೆಯ ಮಾತನ್ನು ನಲವತ್ತು ವರ್ಷಕ್ಕೂ ಮೇಲೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗಡಗಡ ನಡುಗುವುದು ಮಾತ್ರ ಮಿದುಳಿಗಿಂತ ಜಾಸ್ತಿ ಚಳಿಯ ಕೆಲಸ. ಅರಿವಳಿಕೆ ಕೊಟ್ಟ ಮೊದಲ ಗಂಟೆಯಲ್ಲೇ ಒಳಮೈಯ ಬಿಸಿ ಚರ್ಮದ ಕಡೆಗೆ ಹರಿದು, ಮೈಯೊಳಗಿನ ಉಷ್ಣತೆ ಒಂದರಿಂದ ಒಂದೂವರೆ ಡಿಗ್ರಿ ಇಳಿಯಬಹುದು. ಬಿಸಿಗಾಳಿಯ ಹೊದಿಕೆ ಹಾಕಿದರೆ ಸರಿಹೋಗುತ್ತದೆ.

ಈಗ ಎಲ್ಲರಿಗೂ ಒಳಗೊಳಗೇ ಇರುವ ಭಯಕ್ಕೆ ಬರೋಣ. ಮತ್ತಿನಲ್ಲಿ ಬಾಯಿ ತಪ್ಪಿ ಗುಟ್ಟು ಹೇಳಿಬಿಟ್ಟರೆ? ಬ್ಯಾಂಕ್ ಪಾಸ್‌ವರ್ಡ್, ಹಳೇ ಪ್ರೀತಿ, ಅತ್ತೆಯ ಬಗ್ಗೆ ಇರುವ ಅಭಿಪ್ರಾಯ! ಸಡಿಲ ಮಾತು ಬರುವುದು ನಿಜ. ಆದರೆ ಮತ್ತಿನಲ್ಲಿ ಬಂದದ್ದೆಲ್ಲ ಸತ್ಯ ಅನ್ನುವುದು ಸುಳ್ಳು. ಇದನ್ನು ಕರ್ನಾಟಕದವರು ಬೇರೆ ಯಾರಿಗಿಂತ ಚೆನ್ನಾಗಿ ತಿಳಿದಿರಬೇಕು. ಒಂದು ಕಾಲಕ್ಕೆ ದೇಶದ ನಾನಾ ಕಡೆಯ ಆರೋಪಿಗಳನ್ನು ಮಂಪರು ಪರೀಕ್ಷೆಗೆ ಬೆಂಗಳೂರಿಗೇ ಕರೆತರುತ್ತಿದ್ದರು. ಛಾಪಾ ಕಾಗದ ಹಗರಣದ ತೆಲಗಿಯ ಪರೀಕ್ಷೆಯ ದೃಶ್ಯಗಳು ಟಿವಿಯಲ್ಲೂ ಬಂದವು. ಬಳಸುತ್ತಿದ್ದದ್ದು ಆಪರೇಷನ್ ಥಿಯೇಟರಿನದೇ ಔಷಧಿ, ಸೋಡಿಯಂ ಪೆಂಟೋಥಾಲ್. ಅರ್ಧ ಎಚ್ಚರದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಸಿಗುತ್ತಿದ್ದದ್ದು ಸತ್ಯ, ಕಲ್ಪನೆ, ಕೇಳುವವರೇ ಬಾಯಿಗೆ ಹಾಕಿದ ಮಾತು ಎಲ್ಲ ಕಲೆಸಿದ ಚಿತ್ರಾನ್ನ. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಪೊಲೀಸರು ಕೂತು ಕೇಳಿದ್ದನ್ನೇ ನಂಬುವಂತಿಲ್ಲ ಅಂದಮೇಲೆ, ಸ್ಟ್ರೆಚರ್ ಮೇಲೆ ಗೊಣಗಿದ ಎರಡು ಮಾತಿಗೆ ಸಂಸಾರದಲ್ಲಿ ಜಗಳ ಯಾಕೆ? ಅದನ್ನು ಮೊಬೈಲ್‌ನಲ್ಲಿ ಹಿಡಿದು ರೀಲ್ಸ್ ಮಾಡುವವರನ್ನು ಕಂಡರೆ ನನಗಂತೂ ಸಿಟ್ಟು ಬರುತ್ತದೆ. ಬೇಡ ಎನ್ನಲು ಆ ಮನುಷ್ಯನಿಗೆ ಆಗ ಶಕ್ತಿಯೇ ಇರುವುದಿಲ್ಲ.

ತೀರಾ ಅಪರೂಪಕ್ಕೆ ಭಾಷೆಯೇ ಬದಲಾಗುತ್ತದೆ. ನೆದರ್ಲೆಂಡ್ಸ್‌ನ 17 ವರ್ಷದ ಹುಡುಗನೊಬ್ಬ ಫುಟ್ಬಾಲ್ ಆಡುತ್ತಾ ಮಂಡಿಗೆ ಪೆಟ್ಟು ಮಾಡಿಕೊಂಡು ಆಪರೇಷನ್ ಮಾಡಿಸಿಕೊಂಡ. ಎದ್ದವನ ಬಾಯಲ್ಲಿ ಬರೀ ಇಂಗ್ಲಿಷ್. ತಾನು ಅಮೆರಿಕದಲ್ಲಿದ್ದೇನೆ ಅಂದ, ಅಪ್ಪ ಅಮ್ಮನ ಗುರುತು ಹತ್ತಲಿಲ್ಲ, ಮಾತೃಭಾಷೆ ಡಚ್ ಅರ್ಥವೇ ಆಗಲಿಲ್ಲ. ಇಂಗ್ಲಿಷನ್ನು ಅವನು ಬಳಸಿದ್ದು ಶಾಲೆಯ ಪಾಠದಲ್ಲಿ ಮಾತ್ರ. ಮಾರನೆಯ ದಿನ ಗೆಳೆಯರು ನೋಡಲು ಬಂದಾಗ ಡಚ್ ಇದ್ದಕ್ಕಿದ್ದಂತೆ ವಾಪಸ್ ಬಂತು. ಪರೀಕ್ಷೆಗಳಲ್ಲಿ ಮಿದುಳಿನ ದೋಷ ಏನೂ ಸಿಗಲಿಲ್ಲ.

ಇಷ್ಟೆಲ್ಲ ಆದಮೇಲೆ ಬುದ್ಧಿ ಪೂರ್ತಿ ಯಾವಾಗ ಬರುತ್ತದೆ? 2021ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 30 ಜನ ಆರೋಗ್ಯವಂತರಿಗೆ, ಯಾವ ಆಪರೇಷನ್ನೂ ಇಲ್ಲದೆ, ಮೂರು ಗಂಟೆ ಗಾಢ ಅರಿವಳಿಕೆ ಕೊಟ್ಟರು. ಇನ್ನು 30 ಜನ ಎಚ್ಚರವಾಗಿಯೇ ಇದ್ದರು. ಏಳುತ್ತಿದ್ದಂತೆ ಅರ್ಧ ಗಂಟೆಗೊಮ್ಮೆ ಪರೀಕ್ಷೆ. ಮಿದುಳಿನ ಮುಂಭಾಗದ ಕೆಲಸವಾದ ತರ್ಕ, ಸಮಸ್ಯೆ ಬಿಡಿಸುವುದು ಕೊನೆಗೆ ಬರಬಹುದು ಎಂದು ಯಾರಾದರೂ ಊಹಿಸುತ್ತಾರೆ. ಅದೇ ಮುಂಚೆ ಬಂತು! ಹೆಡ್‌ಮಾಸ್ಟರೇ ಮೊದಲು ಬಂದು ಕೂತಿದ್ದರು. ಗಮನ, ಚುರುಕು ಹಿಂದೆ ಉಳಿದವು. ಮೂರು ಗಂಟೆಯ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಡಿಮೆ ಸಮ.

ವಯಸ್ಸಾದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಎಪ್ಪತ್ತು ದಾಟಿದವರಲ್ಲಿ, ಅದರಲ್ಲೂ ಮರೆವು ಶುರುವಾಗಿರುವವರಲ್ಲಿ, ಗೊಂದಲ ಒಂದೆರಡು ದಿನ ಬಿಟ್ಟು ಶುರುವಾಗಿ ದಿನಗಟ್ಟಲೆ ಇರಬಹುದು. ರಾತ್ರಿ ಎದ್ದು ಊರಿಗೆ ಹೊರಡುತ್ತಾರೆ, ಇಲ್ಲದವರನ್ನು ಕರೆಯುತ್ತಾರೆ. ಕೆಲವರು ಸುಮ್ಮನೆ ಮಂಕಾಗಿ ಮಲಗಿರುತ್ತಾರೆ. ಈ ಎರಡನೆಯದು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಎರಡನ್ನೂ ಡಾಕ್ಟರಿಗೆ ಹೇಳಲೇಬೇಕು. ಮನೆಯವರು ಮಾಡಬಹುದಾದ್ದು ಸಣ್ಣ ಕೆಲಸಗಳು. ಆಪರೇಷನ್‌ಗೆ ಮುಂಚೆ ತೆಗೆದಿಟ್ಟ ಕನ್ನಡಕ, ಕಿವಿಯ ಮಷೀನು, ಹಲ್ಲಿನ ಸೆಟ್ಟು ಬೇಗ ವಾಪಸ್ ಕೊಡುವುದು. ಹಗಲಲ್ಲಿ ಕಿಟಕಿ ತೆರೆಯುವುದು, ರಾತ್ರಿ ನಿದ್ದೆ ಕೆಡಿಸದಿರುವುದು. ಪರಿಚಯದ ದನಿ ಹತ್ತಿರವಿರುವುದು.

ಯಾವ ವಯಸ್ಸಿನವರೇ ಆಗಲಿ, ಅದೇ ದಿನ ಮನೆಗೆ ಕಳಿಸುವಾಗ ಡಾಕ್ಟರು ಹೇಳುವ ಮಾತೊಂದಿದೆ: 24 ಗಂಟೆ ಗಾಡಿ ಓಡಿಸಬೇಡಿ, ಮುಖ್ಯವಾದ ಕಾಗದಪತ್ರಕ್ಕೆ ಸಹಿ ಹಾಕಬೇಡಿ. ಆಸ್ತಿ ಭಾಗದ ಮಾತು ನಡೆಯುತ್ತಿರುವ ಮನೆಯಾದರೆ ಎರಡನೆಯದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿಸಿ.