ಇಂಧನಗಳ ಸಾಂದ್ರತೆ: ಲೀಟರಿನ ಲೆಕ್ಕ ಬೇರೆ, ಕೆಜಿ ಲೆಕ್ಕ ಬೇರೆ

ಸಾಂದ್ರತೆ ಅಂದರೆ ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದ್ದು. ಇದು ಗೊತ್ತಿರೋದೇ, ಮುಂದೆ ಹೋಗೋಣ.

15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರಿನ ತೂಕ ಹೆಚ್ಚುಕಡಿಮೆ ಹೀಗಿರುತ್ತದೆ: ಪೆಟ್ರೋಲ್ 0.72ರಿಂದ 0.775 ಕೆಜಿ, ಡೀಸೆಲ್ 0.82ರಿಂದ 0.845, ಎಥನಾಲ್ 0.79, ಬಯೋಡೀಸೆಲ್ 0.86ರಿಂದ 0.90. ದ್ರವರೂಪದ ಎಲ್‌ಪಿಜಿ ಇನ್ನೂ ಹಗುರ, 0.51ರಿಂದ 0.58. ಎಲ್ಲವೂ ನೀರಿಗಿಂತ ಕಡಿಮೆ.

ಡೀಸೆಲ್ ಅಣುಗಳಲ್ಲಿ ಕಾರ್ಬನ್ ಸರಪಳಿ ಉದ್ದ, ಹಾಗಾಗಿ ಸಾಂದ್ರತೆ ಜಾಸ್ತಿ ಅಂತ ಓದಿರುತ್ತೀರಿ. ಹಾಗಾದರೆ ಎರಡೇ ಕಾರ್ಬನ್ ಇರುವ ಎಥನಾಲ್ ಪೆಟ್ರೋಲಿಗಿಂತ ಭಾರ ಯಾಕೆ? ಅದರಲ್ಲಿ ಆಕ್ಸಿಜನ್ ಇದೆ. ಜೊತೆಗೆ ಹೈಡ್ರೋಜನ್ ಬಂಧದಿಂದ ಅಣುಗಳು ಒತ್ತಾಗಿ ಕೂರುತ್ತವೆ. ಸರಪಳಿಯ ಉದ್ದವೊಂದನ್ನೇ ನೋಡಿದರೆ ಸಾಲದು.

ಈಗ ನಿಜವಾಗಿ ತಲೆ ಕೆಡಿಸುವ ಜಾಗ. ‘ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಜಾಸ್ತಿ’ ಅನ್ನುತ್ತಾರೆ. ಪಟ್ಟಿ ತೆರೆದರೆ ಎರಡಕ್ಕೂ ಕೆಜಿಗೆ ಸುಮಾರು 43 ಮೆಗಾಜೂಲ್ (ಶಕ್ತಿಯನ್ನು ಅಳೆಯುವ ಏಕಮಾನ)! ಎರಡೂ ಸರಿಯೇ. ಮೊದಲನೆಯದು ಲೀಟರಿನ ಮಾತು, ಎರಡನೆಯದು ಕೆಜಿಯ ಮಾತು. ಇವೆರಡರ ನಡುವಿನ ಸೇತುವೆಯೇ ಸಾಂದ್ರತೆ.

ಗುಣಿಸಬೇಕೋ ಭಾಗಿಸಬೇಕೋ ಅನ್ನೋ ಗೊಂದಲಕ್ಕೆ ಏಕಮಾನಗಳನ್ನೇ ಬರೆದುಬಿಡಿ. ಮೆಗಾಜೂಲ್/ಕೆಜಿ × ಕೆಜಿ/ಲೀಟರ್. ಮೇಲೊಂದು ಕೆಜಿ, ಕೆಳಗೊಂದು ಕೆಜಿ, ಎರಡೂ ಹೊಡೆದುಹೋಗುತ್ತವೆ. ಉಳಿಯುವುದು ಮೆಗಾಜೂಲ್/ಲೀಟರ್. ಅಂದರೆ ಗುಣಿಸಬೇಕು. ಸಾಂದ್ರತೆಗೆ ಮೇಲೆ ಕೊಟ್ಟ ಅಂಕಿಗಳ ಹೆಚ್ಚುಕಡಿಮೆ ನಡುವಿನದ್ದನ್ನು ಹಿಡಿಯೋಣ.

ಪೆಟ್ರೋಲ್: 43 × 0.745 = 32.
ಡೀಸೆಲ್: 43 × 0.832 = 35.8.

ಲೀಟರಿಗೆ ಸುಮಾರು ಶೇ 12 ಜಾಸ್ತಿ. ಈಗ ಬರೀ ಸಾಂದ್ರತೆಗಳನ್ನು ಹೋಲಿಸಿ: 0.832 ÷ 0.745 = 1.12. ಅದೇ ಶೇ 12! ಕೆಜಿಗೆ ಸಿಗುವ ಶಕ್ತಿ ಎರಡಕ್ಕೂ ಒಂದೇ ಆದ್ದರಿಂದ ಇಡೀ ವ್ಯತ್ಯಾಸ ಸಾಂದ್ರತೆಯಿಂದಲೇ ಬಂತು.

ಎಥನಾಲ್‌ಗೆ ಈ ಅಡ್ಡದಾರಿ ನಡೆಯಲ್ಲ. ಅದಕ್ಕೆ ಕೆಜಿಗೆ 27 ಮೆಗಾಜೂಲ್ ಮಾತ್ರ. 27 × 0.79 = 21.3, ಪೆಟ್ರೋಲಿನ ಮೂರನೇ ಎರಡು ಭಾಗ. ಸಾಂದ್ರತೆ ಜಾಸ್ತಿ ಇದ್ದರೂ ಶಕ್ತಿ ಕಡಿಮೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಕೆಜಿಯಿಂದ ಲೀಟರಿಗೆ ಹೋಗುವಾಗ ಮಾತ್ರ ಭಾಗಿಸಿ: 1 ಕೆಜಿ ಪೆಟ್ರೋಲ್ = 1 ÷ 0.745 = 1.34 ಲೀಟರ್. ಉತ್ತರ 1ಕ್ಕಿಂತ ಕಡಿಮೆ ಬಂದರೆ ಲೆಕ್ಕ ತಲೆಕೆಳಗಾಗಿದೆ ಅಂತಲೇ ಅರ್ಥ. ನೀರಿಗಿಂತ ಹಗುರವಾದ ದ್ರವದ ಒಂದು ಕೆಜಿ ಒಂದು ಲೀಟರಿನೊಳಗೆ ಹಿಡಿಸಲ್ಲ, ಅಲ್ವಾ?

ತಾಪಮಾನದ್ದು ಚುಟುಕಾಗಿ. ಬಿಸಿಯಾದರೆ ಪೆಟ್ರೋಲ್ ಹಿಗ್ಗುತ್ತದೆ, ಡಿಗ್ರಿಗೆ ಸುಮಾರು ಶೇ 0.1. 15ರಲ್ಲಿ 0.745 ಇದ್ದದ್ದು 35 ಡಿಗ್ರಿಯಲ್ಲಿ ಸುಮಾರು 0.73. ತೂಕ ಹಾಗೇ ಇರುತ್ತದೆ, ಜಾಗ ಮಾತ್ರ ಜಾಸ್ತಿ. ಅದಕ್ಕೇ ಹೋಲಿಸುವಾಗ ಎಲ್ಲವನ್ನೂ ಒಂದೇ ತಾಪಮಾನಕ್ಕೆ ತರಬೇಕು.

ಅನಿಲಗಳಿಗೆ ಒತ್ತಡ ಹೇಳದೆ ಸಾಂದ್ರತೆ ಹೇಳಿದರೆ ಸುಮ್ನೆ ವ್ಯರ್ಥ. ಹೈಡ್ರೋಜನ್ ಕೆಜಿಗೆ 120 ಮೆಗಾಜೂಲ್ ಕೊಡುತ್ತದೆ, ಕೇಳಲಿಕ್ಕೆ ಭರ್ಜರಿ. ಆದರೆ 700 ಬಾರ್ ಒತ್ತಡದಲ್ಲೂ ಒಂದು ಲೀಟರಿನಲ್ಲಿ ಹಿಡಿಸೋದು ಸುಮಾರು 40 ಗ್ರಾಂ. 120 × 0.04 = 4.8 ಮೆಗಾಜೂಲ್. 200 ಬಾರ್‌ನ ಸಿಎನ್‌ಜಿಯೇ ಲೀಟರಿಗೆ ಸುಮಾರು 8 ಕೊಡುತ್ತದೆ.