ಆಷಾಢದ ಗಾಳಿಗೆ ನಿಲ್ಲುವ ಗಿಡಗಳು ಯಾವುವು?

ಪ್ರಶ್ನೆ: ಪಾವಗಡದ ಕಡೆ ಬಯಲಿನಲ್ಲಿ ಮನೆ ಕಟ್ಟಿದ್ದೇವೆ. ಪಶ್ಚಿಮ ದಿಕ್ಕಿಗೆ ಒಂದು ಮರವೂ ಇಲ್ಲ. ನೆಟ್ಟ ದಾಸವಾಳ, ಪಪ್ಪಾಯಿ, ನುಗ್ಗೆ ಎಲ್ಲವೂ ಆಷಾಢದ ಗಾಳಿಗೆ ಹಾಳಾಗುತ್ತಿವೆ. ಯಾವ ಗಿಡ ಹಾಕಿದರೆ ಉಳಿದೀತು?

ಉತ್ತರ: ಗಾಳಿ ಗಿಡವನ್ನು ಮುರಿಯುವುದಕ್ಕಿಂತ ಹೆಚ್ಚಾಗಿ ಒಣಗಿಸುತ್ತದೆ. ಮುಂಗಾರಿನ ಮಾರುತವು ಪಶ್ಚಿಮ ಘಟ್ಟದಲ್ಲೇ ಬಹುಪಾಲು ಮಳೆ ಸುರಿಸಿಬಿಡುವುದರಿಂದ, ಜೂನ್-ಜುಲೈ ತಿಂಗಳಲ್ಲಿ ನಮ್ಮ ಬಯಲುಸೀಮೆಗೆ ಗಾಳಿ ಜೋರಾಗಿಯೂ ಮಳೆ ತೆಳುವಾಗಿಯೂ ಬರುತ್ತದೆ. ಬೇರು ಒದಗಿಸುವುದಕ್ಕಿಂತ ಬೇಗ ಎಲೆ ನೀರು ಕಳೆದುಕೊಂಡಾಗ ಅಂಚು ಕಂದುಗಟ್ಟುತ್ತದೆ. ನಿಮ್ಮ ದಾಸವಾಳದ ಪಡುವಣ ಮಗ್ಗುಲಿನ ಎಲೆಗಳನ್ನು ನೋಡಿದರೆ ಇದು ತಿಳಿಯುತ್ತದೆ.

ಆದ್ದರಿಂದ ಎಲೆ ಸಣ್ಣದಾಗಿ, ದಪ್ಪವಾಗಿ ಅಥವಾ ಮೇಣ ಬಳಿದಂತಿದ್ದು, ಕೊಂಬೆ ಬಾಗುವಂತಿರುವ ಗಿಡಗಳನ್ನು ಆರಿಸಬೇಕು. ಕರಾವಳಿಯ ಉಪ್ಪುಗಾಳಿಗೆ ಸರ್ವೆ ಮರ ನಿಲ್ಲುವುದೂ ಇದೇ ಗುಣದಿಂದ. ನಾವು ಎಲೆಯೆಂದುಕೊಳ್ಳುವ ಅದರ ಹಸಿರು ಎಳೆಗಳು ನಿಜಕ್ಕೂ ತೆಳುವಾದ ಕಡ್ಡಿಗಳು, ಎಲೆಗಳು ಅವುಗಳ ಗಿಣ್ಣಿನಲ್ಲಿ ಹುರುಪೆಯಷ್ಟೇ ಆಗಿ ಉಳಿದಿವೆ. ನಮ್ಮ ಮಣ್ಣಿಗೆ ನಾನು ಮೊದಲು ಹೇಳುವುದು ‘ಬಂದರೆ’ ಎಂಬ ಪೊದೆಗಿಡವನ್ನು. ಗುಡ್ಡದ ಕಲ್ಲುನೆಲದಲ್ಲಿ ತಾನಾಗಿ ಬೆಳೆಯುವ ಇದರ ಎಳೆಯ ಎಲೆಯನ್ನು ಮುಟ್ಟಿದರೆ ಬೆರಳಿಗೆ ಅಂಟಂಟಾಗುತ್ತದೆ. ಆ ಅಂಟೇ ಅದರ ರಕ್ಷಣೆ. ಜೊತೆಗೆ ತಂಗಡಿ, ಕವಳೆ, ಕಾಗದದ ಹೂವು ಇರಲಿ. ಮರಗಳಲ್ಲಿ ಹೊಂಗೆ, ಬೇವು, ಜಾಗವಿದ್ದರೆ ಹುಣಸೆ. ಕಣಗಿಲೆಯೂ ಗಟ್ಟಿ ಗಿಡವೇ, ಆದರೆ ಅದರ ಎಲ್ಲ ಭಾಗವೂ ವಿಷವಾದ್ದರಿಂದ ಮಕ್ಕಳು, ದನಕರು ಇರುವ ಮನೆಯಲ್ಲಿ ಬೇಡ. ಪಪ್ಪಾಯಿ, ನುಗ್ಗೆಗಳ ಕಾಂಡ ಮೆದುವಾದ್ದರಿಂದ ಅವನ್ನು ಮನೆಯ ಪೂರ್ವದ ಮರೆಗೆ ನೆಡಿ.

ಗಾಳಿ ತಡೆಯಲೆಂದು ಎತ್ತರದ ಕಾಂಪೌಂಡ್ ಗೋಡೆ ಎಬ್ಬಿಸಬೇಡಿ. ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಆಚೆ ಬದಿಯಲ್ಲಿ ಸುಳಿಯಾಗಿ ಇಳಿಯುತ್ತದೆ. ಅರ್ಧದಷ್ಟು ಗಾಳಿಯನ್ನು ಸೋಸಿ ಬಿಡುವ ಜೀವಂತ ಬೇಲಿ, ತನ್ನ ಎತ್ತರದ ಸುಮಾರು 10 ಪಟ್ಟು ದೂರದವರೆಗೆ ಗಾಳಿಯ ವೇಗವನ್ನು ತಗ್ಗಿಸುತ್ತದೆ. ಪಶ್ಚಿಮಕ್ಕೆ ಬಂದರೆಯ ಸಾಲು, ಅದರ ಹಿಂದೆ ಹೊಂಗೆ ಎಂದು ಎರಡು ಸಾಲು ಮಾಡಿದರೆ ನಿಮ್ಮ ದಾಸವಾಳವೂ ಮುಂದೆ ಉಳಿದೀತು.

ನೆಡುವ ಹೊತ್ತೂ ಮುಖ್ಯ. ಮೊದಲ ಮಳೆಗೇ ಆತುರಪಟ್ಟು ನೆಟ್ಟರೆ ಸಸಿ ಬೇರು ಬಿಡುವ ಮೊದಲೇ ಗಾಳಿಗೆ ಸಿಗುತ್ತದೆ. ಒಮ್ಮೆ ನಮ್ಮ ಹಿತ್ತಲಲ್ಲಿ ಹೀಗೆ ನೆಟ್ಟ ಸೀಬೆ ಸಸಿಯ ಬುಡದಲ್ಲಿ, ಕಾಂಡ ಓಲಾಡಿ ಓಲಾಡಿ, ಬೆರಳು ಇಳಿಯುವಷ್ಟು ಸಂದಾಗಿತ್ತು. ಕಿತ್ತು ನೋಡಿದಾಗ ಹೊಸ ಬೇರುಗಳೆಲ್ಲ ಹರಿದಿದ್ದವು. ನಮ್ಮಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಮಳೆಯೇ ಹೆಚ್ಚು ನಂಬಿಕೆಯದು. ಆಷಾಢ ಕಳೆದ ಮೇಲೆ ನೆಟ್ಟು ಬೇಸಿಗೆಯಲ್ಲಿ ನೀರು ಕೊಟ್ಟರೆ, ಮುಂದಿನ ಗಾಳಿಗೆ ಎಂಟು ತಿಂಗಳ ಬೇರು ಸಿದ್ಧವಿರುತ್ತದೆ. ಎದೆಯೆತ್ತರದ ಸಸಿಗಿಂತ ಮೊಣಕಾಲೆತ್ತರದ್ದೇ ಲೇಸು. ಊರುಗೋಲನ್ನು ತಗ್ಗಿನಲ್ಲಿ, ಸಡಿಲವಾಗಿ ಕಟ್ಟಿ, ವರ್ಷದೊಳಗೆ ಬಿಚ್ಚಿಬಿಡಿ; ಸ್ವಲ್ಪ ಅಲುಗಾಡಿದರೇ ಕಾಂಡ ದಪ್ಪವಾಗುವುದು.